ರಿಪೆಲ್ ಪದದ ಚೀಟಿ

ನಾನು ಒಂದು ಚೀಟಿ. ಮೈಸೂರಿನ ಒಂದು ಮುದ್ರಣಾಲಯದಲ್ಲಿ ಮದುವೆಯ ಕರೆಯೋಲೆಗೆ ಕತ್ತರಿಸಿ ಉಳಿದ ರಟ್ಟಿನಿಂದ ಹುಟ್ಟಿದವನು. ನನ್ನನ್ನು ಇಂಗ್ಲಿಷ್-ಕನ್ನಡ ನಿಘಂಟಿನ ಕಚೇರಿಗೆ ತಂದರು. ಅಲ್ಲಿ ಒಂದೊಂದು ಪದಕ್ಕೆ ಒಂದೊಂದು ಚೀಟಿ.

ನನ್ನ ಪಾಲಿಗೆ ಬಂದದ್ದು ರಿಪೆಲ್. ನನ್ನ ಮೇಲೆ ಬರೆದವರು ಸಹಾಯಕ ಸಂಪಾದಕಿ ಪುಟ್ಟಸಿದ್ದಮ್ಮ. ಅವರ ಅಕ್ಷರ ದುಂಡಗಿತ್ತು. ಲ್ಯಾಟಿನ್ನಿನಲ್ಲಿ ‘ರೆ’ ಎಂದರೆ ಹಿಂದಕ್ಕೆ, ‘ಪೆಲ್ಲೆರೆ’ ಎಂದರೆ ಅಟ್ಟು ಎಂದು ಮೊದಲು ಬರೆದರು. ಕೆಳಗೆ ಅರ್ಥಗಳು: ಹಿಮ್ಮೆಟ್ಟಿಸು, ಅಯಸ್ಕಾಂತದಂತೆ ವಿಕರ್ಷಿಸು, ನೀರು ಹಿಡಿಯದಿರು, ಹೇಸಿಗೆ ಹುಟ್ಟಿಸು. ಇಷ್ಟು ದೂರದಿಂದ ಬಂದ ಪದ ನನಗೆ ಸಿಕ್ಕಿತಲ್ಲ ಎಂದು ಬೀಗಿದೆ.

ಇನ್ನು ಉದಾಹರಣೆ. ಪ್ರಧಾನ ಸಂಪಾದಕ ಯೋಗಾನಂದರದು ಒಂದೇ ಕಟ್ಟಳೆ: ಕಟ್ಟಿದ ವಾಕ್ಯ ಬೇಡ, ಕಂಡದ್ದು, ಕೇಳಿದ್ದು ಬರೆಯಿರಿ. ಪುಟ್ಟಸಿದ್ದಮ್ಮ ಮೊದಲ ಅರ್ಥದ ಮುಂದೆ ಬರೆದರು: ‘ನೀರಿನ ತೊಂಬೆಯ ಬಳಿ ಬಂದ ಅವ್ವನನ್ನೂ ನನ್ನನ್ನೂ ಮೇಲ್ಕೇರಿಯವರು ಬಿಂದಿಗೆ ಸಮೇತ ಹಿಮ್ಮೆಟ್ಟಿಸಿದರು.’

ಯೋಗಾನಂದರು ಓದಿ ಕನ್ನಡಕ ತೆಗೆದರು. “ಇದೆಲ್ಲ ಯಾಕಮ್ಮಾ? ಮಕ್ಕಳು ಓದೋ ಪುಸ್ತಕ.”

“ಆಗ ನಾನೂ ಮಗುನೇ ಸಾರ್. ಎಂಟು ವರ್ಷ.”

ಯೋಗಾನಂದರು ಕೆಟ್ಟವರಲ್ಲ. ಹಾಗೆಂದು ನನ್ನ ಸಿಟ್ಟು ಕಡಿಮೆಯಾಗುವುದಿಲ್ಲ. ಕೆಂಪು ಶಾಯಿಯಲ್ಲಿ ಗೀಟೆಳೆದು, “ಕೋಟೆಯ ಸೈನಿಕರು ಶತ್ರುಗಳನ್ನು ಹಿಮ್ಮೆಟ್ಟಿಸಿದರು ಅಂತ ಹಾಕಿ” ಎಂದರು. ಆ ಕೋಣೆಯಲ್ಲಿ ಕೋಟೆ ಕಾದವರು ಯಾರೂ ಇರಲಿಲ್ಲ.

ಚೀಟಿ ಬರೆದವರೇ ತಿದ್ದಿ ಸಹಿ ಹಾಕಬೇಕು. ಅದೂ ಅಲ್ಲಿನ ಪದ್ಧತಿ. ಪುಟ್ಟಸಿದ್ದಮ್ಮ ಅದೇ ದುಂಡಗಿನ ಅಕ್ಷರದಲ್ಲಿ ಸೈನಿಕರನ್ನು ಬರೆದರು, ಸಹಿ ಹಾಕಿದರು. ಮರುದಿನದಿಂದ ಉದಾಹರಣೆಗಳನ್ನು ಇಂಗ್ಲಿಷ್ ಕೋಶದಿಂದಲೇ ಇಳಿಸತೊಡಗಿದರು. “ಈಗ ನಿಮ್ಮ ಕೆಲಸ ಸಲೀಸಾಯ್ತು ನೋಡಿ” ಎಂದು ಯೋಗಾನಂದರು ಮನಸಾರೆ ಹೊಗಳಿದರು. ಪುಟ್ಟಸಿದ್ದಮ್ಮ ತಲೆಯಾಡಿಸಿದರು.

ನಿಘಂಟು ಅಚ್ಚಾಯಿತು. ನಮಗೆಲ್ಲ ದಾರ ಕಟ್ಟಿ ಕಬ್ಬಿಣದ ಬೀರುವಿನ ತಳಕ್ಕೆ ಹಾಕಿದರು. ನನಗೀಗ ವಯಸ್ಸಾಗಿದೆ, ಅಂಚು ಹುಳು ತಿಂದಿದೆ. ನನ್ನ ಕಟ್ಟಿನಲ್ಲೇ ನನ್ನ ನಂತರ ಪುಟ್ಟಸಿದ್ದಮ್ಮ ಬರೆದ ಆರುನೂರು ಚೀಟಿಗಳಿವೆ. ಒಂದರ ಮೇಲೂ ಕೆಂಪು ಗೀಟಿಲ್ಲ. ಒಂದರಲ್ಲೂ ಅವರ ಅವ್ವನಿಲ್ಲ.