ಬಿಸಿ ಮಾಡಿದ ಮೇಲೆ

ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೊದಲ ಪಾಳಿಯ ಸೈರನ್ ಕೂಗುವುದಕ್ಕೂ ಪಟ್ಟಾಭಿರಾಮ ಕಾರಿನ ಕೀಲಿ ತಿರುಗಿಸುವುದಕ್ಕೂ ನಡುವೆ ಕೂದಲೆಳೆಯಷ್ಟು ಅಂತರವೂ ಇರುತ್ತಿರಲಿಲ್ಲ. ನಿವೃತ್ತಿಯಾಗಿ ವರ್ಷಗಳೇ ಕಳೆದರೂ ಈ ಒಂದು ಹಾಜರಿ ತಪ್ಪಿರಲಿಲ್ಲ. ಅಂಗಳದ ಶೀಟಿನ ಕೆಳಗೆ ನಿಂತ ಹಳೆಯ ಪದ್ಮಿನಿ ಕಾರಿನ ಹೊದಿಕೆ ತೆಗೆದು, ಕಂಬಳಿ ಮಡಿಸಿದ ಹಾಗೆ ನಾಲ್ಕು ಮಡಿಕೆ ಮಾಡಿ, ಚೋಕ್ ಎಳೆದು ಸೆಲ್ಫ್ ಹೊಡೆಯುವರು. ಎಂಜಿನ್ನಿನ ಸದ್ದು ಒಂದು ಹದಕ್ಕೆ ಬರುವ ತನಕ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಕೇಳುವರು. ಆಮೇಲೆ ಆರಿಸಿ, ಮತ್ತೆ ಹೊದಿಕೆ ಹೊದಿಸಿ ಒಳಗೆ ಬರುವರು. ಅಷ್ಟು ಹೊತ್ತಿಗೆ ಸುಬ್ಬಲಕ್ಷ್ಮಿ ಕಾಫಿ ಬೆರೆಸಿ ಇಟ್ಟಿರುತ್ತಿದ್ದಳು. ಇಬ್ಬರೂ ಮಾತಿಲ್ಲದೆ ಕುಡಿಯುವರು. ಅದೇನೂ ಮುನಿಸಿನ ಮೌನವಲ್ಲ. ಎರಡು ಲೋಟದ ನೀರನ್ನು ಒಂದೇ ತಂಬಿಗೆಗೆ ಸುರಿದ ಮೇಲೆ ಯಾವುದು ಯಾರದು ಎಂದು ಕೇಳುವ ಅಗತ್ಯ ಉಳಿಯುವುದಿಲ್ಲವಲ್ಲ, ಅಂಥದ್ದು.

ಈ ಚಳಿಗಾಲ ಶುರುವಾದಾಗಿನಿಂದ ಕಾರು ಹಟ ಹಿಡಿದಿತ್ತು. ಸೆಲ್ಫ್ ಹೊಡೆದರೆ ನರಳುವುದು, ಕೆಮ್ಮುವುದು, ಮತ್ತೆ ಸುಮ್ಮನಾಗುವುದು. ಹೇಗೋ ಹೊತ್ತಿಕೊಂಡರೂ ಸೈಲೆನ್ಸರಿನಿಂದ ಕಪ್ಪು ಹೊಗೆ. ಒಮ್ಮೆ ಗೇಟಿನ ಮುಂದಿನ ಸಣ್ಣ ಏರನ್ನು ಹತ್ತಿಸಿ ನೋಡೋಣವೆಂದರೆ ಅದಕ್ಕೂ ಶಕ್ತಿಯಿಲ್ಲದೆ ಅರ್ಧಕ್ಕೇ ನಿಂತು ಹಿಂದಕ್ಕೆ ಜಾರಿತ್ತು. ಅಂದು ಕಾಫಿ ಕುಡಿಯುವಾಗ ಪಟ್ಟಾಭಿರಾಮ ಲೋಟದೊಳಗೆ ನೋಡುತ್ತಲೇ ಹೇಳಿದರು:

"ಗುಜರಿ ಪಾಪಯ್ಯನಿಗೆ ಹೇಳಿದೀನಿ. ಭಾನುವಾರ ಬಂದು ಎಳ್ಕೊಂಡು ಹೋಗ್ತಾನೆ. ಅದಕ್ಕೂ ವಯಸ್ಸಾಯ್ತಲ್ಲ."

ಕಾರಿನ ಮೇಲೆ ಸುಬ್ಬಲಕ್ಷ್ಮಿಗೆ ಅಂಥ ವ್ಯಾಮೋಹವೇನೂ ಇರಲಿಲ್ಲ. ಮೆಟ್ರೊ ಬಂದ ಮೇಲೆ ಅವರಿಬ್ಬರೂ ಎಲ್ಲಿಗೆ ಹೋದರೂ ಅದರಲ್ಲೇ ಹೋಗುತ್ತಿದ್ದರು. ಉಳಿದಂತೆ ಆಕೆಯ ಸ್ಕೂಟರ್ ಇತ್ತು. ಆದರೆ ಭಾನುವಾರ ಕಾರು ಹೋದರೆ ಸೋಮವಾರ ಸೈರನ್ ಕೂಗಿದಾಗ ಈ ಮನುಷ್ಯ ಎದ್ದು ಎಲ್ಲಿಗೆ ಹೋಗಬೇಕು? ಆ ಪ್ರಶ್ನೆ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು. ಮೀನು ತಿಂದವಳಲ್ಲ ಆಕೆ, ಆದರೂ ಹೀಗೇ ಇರಬೇಕು ಅನ್ನಿಸಿತು.

ಪೀಣ್ಯದ ಹಿಂಬದಿಯ ಓಣಿಯೊಂದರಲ್ಲಿ ರೇವಣಸಿದ್ದನ ಶೆಡ್ಡು. ಹಳೆಯ ಪೆಟ್ರೋಲ್ ಗಾಡಿಗಳೆಂದರೆ ಅವನಿಗೆ ಪ್ರಾಣ. ವಿಜಯಪುರದ ಕಡೆಯವನು, ಬಾಯಿ ಸ್ವಲ್ಪ ಜಾಸ್ತಿ. ತಿಂಗಳ ಹಿಂದೆ ಕಾರನ್ನು ಕಟ್ಟಿ ಎಳೆದುಕೊಂಡು ಹೋಗಿ, ಬ್ಯಾಟರಿಯೇ ಕೆಟ್ಟಿದೆ ಎಂದು ಒಮ್ಮೆ, ಪೆಟ್ರೋಲ್ ಪಂಪು ಎಂದು ಇನ್ನೊಮ್ಮೆ, ಕಾರ್ಬುರೇಟರ್ ಎಂದು ಮತ್ತೊಮ್ಮೆ ಹೇಳಿ, ಎಲ್ಲವನ್ನೂ ಬಿಚ್ಚಿ ತೊಳೆದು, ನೆಲಮಂಗಲದ ತನಕ ಓಡಿಸಿ ನೋಡಿ ತಂದು ನಿಲ್ಲಿಸಿದ್ದ. ಒಂದು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ರಾಗ.

ಗುರುವಾರ, ಪಟ್ಟಾಭಿರಾಮ ತರಕಾರಿ ತರಲು ಹೋದ ಹೊತ್ತು ನೋಡಿ, ಸುಬ್ಬಲಕ್ಷ್ಮಿ ಅವನನ್ನು ಕರೆಸಿದಳು. ಅವನು ಬಾನೆಟ್ ಎತ್ತಿ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡ. ದೀಪದ ಕುಡಿಯಲ್ಲಿ ಹಿಡಿದು ತೆಗೆದ ಹಾಗೆ ನಾಲ್ಕೂ ಮಸಿಯಾಗಿದ್ದವು, ಪೆಟ್ರೋಲಿನಿಂದ ಒದ್ದೆಯಾಗಿದ್ದವು. ಕಿಡಿ ಹಾರಬೇಕಾದ ಬಾಯಿಗೇ ಮಸಿ ಮೆತ್ತಿದರೆ ಹೊತ್ತಿಕೊಳ್ಳುವುದಾದರೂ ಹೇಗೆ, ಎಳೆಯುವುದಾದರೂ ಹೇಗೆ ಎಂದ. ಹೋದ ಸಲವೂ ಹೀಗೇ ಇದ್ದವಂತೆ, ಉಜ್ಜಿ ಫಳಫಳ ಮಾಡಿಯೇ ಹಾಕಿದ್ದನಂತೆ. ಬ್ಯಾಟರಿಯೂ ಮತ್ತೆ ಸೊರಗಿತ್ತು. ಅವನಿಗೆ ತಲೆಬುಡ ತಿಳಿಯಲಿಲ್ಲ.

"ಅಕ್ಕಾರ, ನಮ್ ಶೆಡ್ಡಿನ್ಯಾಗ ರಾತ್ರಿಯೆಲ್ಲಾ ಥಂಡ್ಯಾಗ ನಿಂತಿತ್ರೀ. ಮುಂಜಾನೆ ಒಂದ ಸೆಲ್ಫಿಗೆ ಚಾಲೂ ಆತು. ನಿಮ್ಮನಿಗೆ ಬಂದ್ರ ಸಿಟ್ಟ ಮಾಡ್ತೈತಿ. ನನ್ ಶೆಡ್ಡ ಇದಕ್ಕ ತವರಮನಿ ಆಗಿರಬೇಕು ನೋಡ್ರಿ."

ಸುಬ್ಬಲಕ್ಷ್ಮಿ ನಕ್ಕಳು. ಅವನು ಪ್ಲಗ್ಗುಗಳನ್ನು ಮತ್ತೆ ಉಜ್ಜಿ ಹಾಕಿ, ಇನ್ನು ನಾಲ್ಕು ದಿನಕ್ಕೆ ಮೋಸವಿಲ್ಲ, ಆಮೇಲಿನದು ಸಿದ್ಧರಾಮನ ಇಚ್ಛೆ ಎಂದು ಹೋದ. ಆದರೆ ತವರುಮನೆಯ ಮಾತು ಆಕೆಯ ತಲೆಯಿಂದ ಹೋಗಲಿಲ್ಲ. ಕಾಲೊನಿಯ ಶಾಲೆಯಲ್ಲಿ ಇಡೀ ಆಯುಷ್ಯ ವಿಜ್ಞಾನದ ಪಾಠ ಹೇಳಿದವಳು. ಒಂದೇ ಚಳಿ, ಒಂದೇ ಪೆಟ್ರೋಲು, ಒಂದೇ ಎಂಜಿನ್ನು. ಅಲ್ಲಿ ಹೊತ್ತಿಕೊಳ್ಳುವುದು ಇಲ್ಲಿ ಹೊತ್ತಿಕೊಳ್ಳದಿದ್ದರೆ, ಇಲ್ಲಿದ್ದು ಅಲ್ಲಿಲ್ಲದ ಯಾವುದೋ ಒಂದು ಇರಲೇಬೇಕು.

ಅದೇನೆಂದು ಮರುದಿನ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಲ್ಲೇ ಕಂಡಿತು. ವರ್ಷಗಟ್ಟಲೆ ನೋಡಿದ್ದನ್ನೇ ಅಂದು ಮೊದಲ ಸಲ ನೋಡಿದ ಹಾಗಾಯಿತು. ಗಂಡ ಚೋಕ್ ಎಳೆದರು. ಎಂಜಿನ್ ಹೊತ್ತಿಕೊಂಡಿತು. ಕಣ್ಣು ಮುಚ್ಚಿ ಕೇಳಿದರು. ಅದು ಮೈಬಿಸಿಯಾಗಿ, ಇನ್ನೇನು ಹೊರಡಬಹುದು ಎಂಬ ಹದಕ್ಕೆ ಬಂದಾಗ, ಎಳೆದ ಚೋಕು ಎಳೆದ ಹಾಗೇ ಇರುವಾಗಲೇ, ಆರಿಸಿಬಿಟ್ಟರು.

ದಿನವೂ ಹೀಗೇ. ತಣ್ಣಗಿರುವ ಎಂಜಿನ್ನಿಗೆಂದು ಚೋಕ್ ಕುಡಿಸುವ ಹೆಚ್ಚಿನ ಪೆಟ್ರೋಲು ಉರಿದು ಮುಗಿಯುವ ಮೊದಲೇ ಬೆಂಕಿ ಆರಿದರೆ ಮಸಿಯಾಗದೆ ಇನ್ನೇನಾದೀತು? ಸೌದೆ ಒಲೆ ಹಚ್ಚಿ, ಹೊಗೆ ಬಂದ ಕೂಡಲೇ ನೀರು ಹಾಕಿದಂತೆ. ಸೆಲ್ಫ್ ಹೊಡೆಯುವುದಕ್ಕೆ ಬ್ಯಾಟರಿ ಕೊಟ್ಟದ್ದನ್ನು ಕಾರು ಓಡಿದರೆ ತಾನೇ ತುಂಬಿಕೊಡುವುದು? ರೇವಣಸಿದ್ದ ನೆಲಮಂಗಲದ ತನಕ ಓಡಿಸಿದ್ದ. ಇಲ್ಲಿ ಓಡಿಸುವವರು ಯಾರು?

ಸುಬ್ಬಲಕ್ಷ್ಮಿ ಕೈಯಲ್ಲಿದ್ದ ಕಾಫಿಯ ಜರಡಿಯನ್ನು ಹಾಗೇ ಹಿಡಿದು ನಿಂತಳು. ಇದು ಎಲ್ಲಿಂದ ಬಂದದ್ದೆಂದು ಆಕೆಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅವರೇ ಹೇಳಿದ್ದರು: ಕಾರ್ಖಾನೆಯಲ್ಲಿ ಪಾಳಿ ಶುರುವಾದ ಕೂಡಲೇ ಯಂತ್ರಕ್ಕೆ ಕಬ್ಬಿಣ ಕೊಡುವಂತಿಲ್ಲ. ಮೊದಲು ಸುಮ್ಮನೆ ತಿರುಗಲು ಬಿಡಬೇಕು. ಎಣ್ಣೆ ಎಲ್ಲ ಕಡೆ ಹರಿದು ಮೈ ಬೆಚ್ಚಗಾಗಬೇಕು. ತಣ್ಣಗಿರುವ ಯಂತ್ರ ಸುಳ್ಳು ಅಳತೆ ಕೊಡುತ್ತದೆ. ಕಾರಿಗೂ ಅದೇ ಮರ್ಯಾದೆ ಕೊಡುತ್ತಿದ್ದರು. ಆದರೆ ಅರ್ಧ ಮರ್ಯಾದೆ.

ಇನ್ನರ್ಧ ಎಲ್ಲಿ ಕಳೆದುಹೋಯಿತೆಂಬುದೂ ಗೊತ್ತಿಲ್ಲದ್ದಲ್ಲ. ಕೆಲವು ವರ್ಷಗಳ ಹಿಂದೆ ಜಾಲಹಳ್ಳಿ ಕ್ರಾಸಿನ ಸಿಗ್ನಲ್ಲಿನಲ್ಲಿ ಕಾರು ನಿಂತುಹೋಗಿತ್ತು. ಹಿಂದೆ ಕಂಪನಿ ಬಸ್ಸುಗಳು, ಲಾರಿಗಳು, ಕಿವಿ ಹರಿಯುವ ಹಾರ್ನು. ಯಾರೋ ಹುಡುಗರು ಇಳಿದು ತಳ್ಳಿದರು. ತಳ್ಳುತ್ತಲೇ, ತಾತಾ, ಇದನ್ನ ಮ್ಯೂಸಿಯಮ್ಮಿಗೆ ಕೊಡಿ, ಜೊತೆಗೆ ನೀವೂ ಹೋಗಿ ಎಂದು ನಕ್ಕರು. ಪಟ್ಟಾಭಿರಾಮರೂ ನಕ್ಕಿದ್ದರು. ಮನೆಗೆ ಬಂದು ಅದರ ಮಾತೇ ಎತ್ತಲಿಲ್ಲ. ಅಂದಿನಿಂದ ಅವರಾಗಿ ಕಾರನ್ನು ರಸ್ತೆಗೆ ಇಳಿಸಿರಲಿಲ್ಲ. ಆಕೆಯೂ ಕೇಳಿರಲಿಲ್ಲ. ಕೇಳದಿರುವುದೇ ದೊಡ್ಡತನ ಎಂದುಕೊಂಡಿದ್ದಳು. ಈಗ ಆ ಮೌನವೂ ಪ್ಲಗ್ಗಿನ ಬಾಯಲ್ಲಿ ಮಸಿಯಾಗಿ ಕೂತಿತ್ತೇನೋ ಅನ್ನಿಸಿತು.

ಹೇಳಿಬಿಟ್ಟರೆ ಮುಗಿಯಿತು: ನಿಮ್ಮ ಪ್ರೀತಿಯೇ ಅದನ್ನು ಕೊಲ್ಲುತ್ತಿದೆ, ದಿನಾ ಸ್ಟಾರ್ಟ್ ಮಾಡಬೇಡಿ. ಕಾರು ಉಳಿಯುತ್ತದೆ, ಬೆಳಗು ಹೋಗುತ್ತದೆ. ಹೇಳದಿದ್ದರೆ ಭಾನುವಾರ ಎರಡೂ ಹೋಗುತ್ತವೆ. ಶುಕ್ರವಾರವಿಡೀ ಆಕೆ ಈ ಲೆಕ್ಕವನ್ನು ಹೇಗೆ ಬಿಡಿಸಿದರೂ ಶೇಷ ಉಳಿಯುತ್ತಿತ್ತು. ಸಂಜೆ ಹೂ ಕಟ್ಟುತ್ತ ಕೂತವಳು ದಾರ ಗಂಟುಹಾಕುವುದನ್ನೇ ಮರೆತಳು; ಎತ್ತಿದಾಗ ಮೊಗ್ಗೆಲ್ಲ ಮಡಿಲಿಗೆ ಉದುರಿದವು.

ಶನಿವಾರ ಕಾಫಿ ಬೆರೆಸಲಿಲ್ಲ. ಸೈರನ್ ಕೂಗಿ, ಎಂಜಿನ್ ಎರಡು ಸಲ ಕೆಮ್ಮಿ ಹೊತ್ತಿಕೊಂಡಾಗ ಸುಬ್ಬಲಕ್ಷ್ಮಿ ಮನೆಗೆ ಬೀಗ ಹಾಕಿ, ಗೇಟು ಪೂರ್ತಿ ತೆಗೆದು, ಬಂದು ಗಂಡನ ಪಕ್ಕದ ಸೀಟಿನಲ್ಲಿ ಕೂತಳು. ಪಟ್ಟಾಭಿರಾಮ ಕಣ್ಣು ತೆರೆದು ನೋಡಿದರು. ಎಂಜಿನ್ ನಡುಗಿ ನಡುಗಿ ನಿಧಾನ ಹದಕ್ಕೆ ಬಂತು. ಅಭ್ಯಾಸದಂತೆ ಅವರ ಕೈ ಕೀಲಿಯ ಕಡೆ ಹೋಯಿತು.

"ರೀ," ಎಂದಳು ಸುಬ್ಬಲಕ್ಷ್ಮಿ. "ಫ್ಯಾಕ್ಟ್ರೀಲಿ ಮಿಷನ್ನು ಬಿಸಿ ಆದ್ಮೇಲೆ ಏನ್ಮಾಡ್ತಿದ್ರಿ?"

"ಏನ್ಮಾಡೋದು, ಕೆಲಸ ಶುರು ಮಾಡ್ತಿದ್ವಿ."

"ಮತ್ತೆ ಇದಕ್ಕೆ ಕೆಲಸ ಯಾವಾಗ?"

ಕೈ ಕೀಲಿಯ ಮೇಲೇ ನಿಂತಿತು. ಸದ್ದು ಮಾತ್ರ ಇತ್ತು. ಇಷ್ಟು ವರ್ಷದ ಸಂಸಾರದಲ್ಲಿ ಎಷ್ಟೋ ಮೌನಗಳನ್ನು ಹಾದುಬಂದಿದ್ದ ಸುಬ್ಬಲಕ್ಷ್ಮಿಗೆ ಇದೊಂದು ಮಾತ್ರ ಬಹಳ ಉದ್ದವೆನಿಸಿತು. ತಪ್ಪು ಮಾಡಿದೆನೇನೋ ಅನ್ನಿಸಿತು. ಕೊನೆಗೆ ಅವರು, ಮುಂದಿನ ಗಾಜನ್ನೇ ನೋಡುತ್ತ, ಸಣ್ಣ ದನಿಯಲ್ಲಿ ಹೇಳಿದರು:

"ಕ್ರಾಸಲ್ಲಿ ಮತ್ತೆ ನಿಂತ್ಬಿಟ್ರೆ?"

"ನಾನು ತಳ್ತೀನಿ. ನಂಗೆ ಮ್ಯೂಸಿಯಂ ನೋಡಿ ಬಹಳ ದಿನ ಆಯ್ತು."

ಪಟ್ಟಾಭಿರಾಮರ ಹೊಟ್ಟೆ ಕುಲುಕಿತು. ನಗು ಹೊರಗೆ ಬಂದದ್ದು ಆಮೇಲೆ. ಕೈ ಕೀಲಿಯಿಂದ ಗೇರಿಗೆ ಬಂತು.

ಗೇಟಿನ ಮುಂದಿನ ಏರನ್ನು ಕಾರು ಏದುಸಿರು ಬಿಡುತ್ತ ಹತ್ತಿತು. ಕಾಲೊನಿಯ ಮರಗಳ ರಸ್ತೆ ಮುಗಿದು ಕ್ರಾಸ್ ಬಂತು. ಸಿಗ್ನಲ್ಲಿನಲ್ಲಿ ಕೆಂಪು. ಹಿಂದೆ ಕಂಪನಿ ಬಸ್ಸು. ಪಟ್ಟಾಭಿರಾಮ ಆಕ್ಸಿಲರೇಟರ್ ಮೇಲೆ ಪಾದವನ್ನು ಮೊಟ್ಟೆಯ ಮೇಲಿಟ್ಟಂತೆ ಇಟ್ಟುಕೊಂಡು, ಬೆವರಿ, ಹಸಿರು ಬಂದಾಗ ಉಸಿರನ್ನೂ ಕ್ಲಚ್ಚನ್ನೂ ಒಟ್ಟಿಗೇ ಬಿಟ್ಟರು. ಬಸ್ಸಿನವನು ಒಮ್ಮೆ ಹಾರ್ನ್ ಹೊಡೆದ. ಇವರು ದಾಟಿ ಆಗಿತ್ತು.

ಚೋಕ್ ಇನ್ನೂ ಹೊರಗೇ ಇದ್ದದ್ದು ದಾಸರಹಳ್ಳಿಯ ಹತ್ತಿರ ನೆನಪಾಗಿ ಅದನ್ನು ಒಳಗೆ ತಳ್ಳಿದರು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಒಂದೊಂದೇ ಹಿಂದಾಗುತ್ತಿದ್ದವು. ನಾಗಸಂದ್ರ ದಾಟುವ ತನಕ ಕಾರು ನಡುನಡುವೆ ಮುಗ್ಗರಿಸುತ್ತಿತ್ತು, ಎಳೆತದಲ್ಲಿ ತಾಳ ತಪ್ಪುತ್ತಿತ್ತು, ಹಿಂದೆ ಹೊಗೆ ಉಗುಳುತ್ತಿತ್ತು. ಕನ್ನಡಿಯಲ್ಲಿ ಬೈಕಿನವನೊಬ್ಬ ಮೂಗು ಮುಚ್ಚಿಕೊಂಡದ್ದು ಕಂಡಿತು. ಮಾದಾವರ ಕಳೆದ ಮೇಲೆ ಹೊಗೆ ತೆಳುವಾಯಿತು. ಪಟ್ಟಾಭಿರಾಮ ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳುತ್ತಿದ್ದರು, ಈ ಸಲ ಕಣ್ಣು ತೆರೆದು. ಆ ಕಡೆಯ ಉದ್ದನೆಯ ಏರಿಗೆ ಕಾರು ಬಂದಾಗ ಗೇರು ಇಳಿಸಲು ಕೈ ಚಾಚಿದವರು, ಹಾಗೇ ತಡೆದರು. ಇಳಿಸುವ ಅಗತ್ಯವೇ ಬೀಳಲಿಲ್ಲ. ಎಂಜಿನ್ ಗಂಟಲು ಸರಿಮಾಡಿಕೊಂಡು, ಒಂದೇ ಶ್ರುತಿಯಲ್ಲಿ, ತನ್ನಷ್ಟಕ್ಕೆ ತಾನೇ ಹತ್ತಿತು.

ನೆಲಮಂಗಲದ ಹೋಟೆಲಿನ ಮುಂದೆ ನಿಲ್ಲಿಸಿ ತಟ್ಟೆ ಇಡ್ಲಿ ತಿಂದರು. ಹೋಟೆಲಿನ ಬೆಂಚಿನಿಂದ ಕಾರು ಕಾಣುತ್ತಿತ್ತು. ಬಾನೆಟ್ಟಿನ ಮೇಲೆ ಬಿಸಿಲಿಗೆ ಬಿಸಿ ಗಾಳಿ ನಡುಗುತ್ತಿತ್ತು. ಅದನ್ನೇ ನೋಡುತ್ತ ಪಟ್ಟಾಭಿರಾಮ ಕೇಳಿದರು:

"ದಿನಾ ಸ್ಟಾರ್ಟ್ ಮಾಡ್ತಿದ್ದೆನಲ್ಲ, ಅದೇ ತಪ್ಪಾಯ್ತಲ್ವಾ?"

ಉತ್ತರ ಸುಬ್ಬಲಕ್ಷ್ಮಿಯ ಬಳಿ ಹಿಂದಿನ ದಿನದಿಂದಲೇ ಇತ್ತು. ಆದರೆ ಹೇಳುವಾಗ ಅದು ಬೇರೆಯದೇ ಆಗಿ ಬಂತು. "ಸ್ಟಾರ್ಟ್ ಮಾಡಿದ್ದು ತಪ್ಪಲ್ಲ. ನಿಲ್ಲಿಸಿದ್ದು ತಪ್ಪು. ನಾನೂ ಕಿಟಕೀಲಿ ನಿಂತು ನೋಡ್ತಾನೇ ಇದ್ನಲ್ಲ, ಒಂದಿನ ಆದ್ರೂ ಬಂದು ಕೂತ್ಕೋಬೇಕಿತ್ತು."

ಅವರು ತಲೆಯಾಡಿಸಿದರು. ಉಳಿದ ಚಟ್ನಿಯನ್ನು ಬೆರಳಲ್ಲಿ ಬಳಿದು ಮುಗಿಸಿ, ಕೈ ತೊಳೆದು ಬಂದು, ಜೇಬಿನಿಂದ ಫೋನ್ ತೆಗೆದು ಒಂದು ನಂಬರು ಒತ್ತಿದರು.

"ಪಾಪಯ್ಯ, ನಾಳೆ ಬರಬೇಡಪ್ಪ," ಎಂದರು. ಆ ಕಡೆಯವನು ಏನೋ ಕೇಳಿದ. "ಇಲ್ಲ ಇಲ್ಲ, ಬೇರೆ ಯಾರಿಗೂ ಕೊಟ್ಟಿಲ್ಲ. ನಾಳೆ ನಾವು ಮನೇಲಿರಲ್ಲ, ಅದಕ್ಕೆ."

ಇಬ್ಬರಿಗೂ ಒಂದೊಂದು ಕಾಫಿ ಹೇಳಿ, ಬರುವ ತನಕ ರಸ್ತೆ ನೋಡುತ್ತ ಕೂತರು.