ನೀಲಿ ಕಲಸಿದ ತೊಟ್ಟಿ

ತೊಟ್ಟಿಯಲ್ಲಿ ಮತ್ತೆ ನಾಲ್ಕು ಬೆರಳು ನೀರು ಕಮ್ಮಿ! ದೊಡ್ಡ ಸೊಸೆ ಗೆರೆ ಕೊರೆದ ಅಳತೆಗೋಲನ್ನು ಮೇಲೆತ್ತಿ, ಒದ್ದೆಯ ಗುರುತನ್ನು ಎರಡೆರಡು ಸಲ ನೋಡಿದಳು. ನಿನ್ನೆ ಸಂಜೆ ಮೋಟರ್ ಆರಿಸಿ ಅಳೆದಿದ್ದಳು. ಬೆಳಗಾಗುವಷ್ಟರಲ್ಲಿ ನೀರಿಗೇನು ಕಾಲು ಬಂತೇ?

"ಆವಿ ಆಗಿರುತ್ತೆ ಬಿಡು," ಎಂದ ಗಂಡ, ಹಲ್ಲುಜ್ಜುತ್ತಾ.

"ಮುಚ್ಚಳ ಹಾಕಿದ ತೊಟ್ಟಿಯಿಂದ ಆವಿನಾ? ನಿಮ್ಮ ತಲೆ!"

ಅಣ್ಣತಮ್ಮಂದಿರ ಎರಡು ಮನೆ, ನಡುವೆ ಒಂದೇ ಗೋಡೆ. ಎರಡೂ ತಾರಸಿಯ ಮಳೆನೀರು ಎರಡು ಪೈಪಿನಲ್ಲಿ ಇಳಿದು ಹಿತ್ತಲಿನ ಒಂದೇ ತೊಟ್ಟಿಗೆ ಬೀಳುತ್ತಿತ್ತು. ಮಳೆಗಾಲ ಮುಗಿದ ಮೇಲೆ ಉಳಿದ ನೀರೆಲ್ಲ ದೊಡ್ಡ ಸೊಸೆಯ ಸಸಿಗಳಿಗೆ ಎಂದು ಮಾತಾಗಿತ್ತು. ಪಕ್ಕದ ಮನೆಯ ಚಿಕ್ಕ ಸೊಸೆ ಬೀದಿ ನಲ್ಲಿಯಿಂದ ನೀರು ಹೊರುತ್ತಿದ್ದಳು. ಈಗ ತೊಟ್ಟಿಯ ಕೆಳಗಿನ ಇಳಿಜಾರಿನಲ್ಲಿ, ಹಸಿರು ಬಲೆಯ ನೆರಳಲ್ಲಿ ಎಂಟು ಸಾವಿರ ಮೆಣಸಿನ ಸಸಿ ನಿಂತಿದ್ದವು. ಕೊಳ್ಳುವವರು ಬರಲು ಇನ್ನೂ ಹದಿನೈದು ದಿನ. ಹನಿ ಹನಿಯಾಗಿ ಕೊಟ್ಟರೆ ನೀರು ಅಲ್ಲಿಯವರೆಗೆ ಸಾಕು. ಹೀಗೆ ಕಳುವಾದರೆ ವಾರದಲ್ಲೇ ತಳ ಕಾಣುತ್ತದೆ, ವರ್ಷದ ದುಡಿಮೆ ಒಣಗಿ ಕಡ್ಡಿಯಾಗುತ್ತದೆ.

ಅವಳ ಕಣ್ಣು ಪಕ್ಕದ ಮನೆಯ ಹಗ್ಗದ ಮೇಲೆ ಬಿತ್ತು. ಬಟ್ಟೆ ಸಾಲು ಸಾಲು! ಮೂರೇ ಜನರ ಮನೆಗೆ ಇಷ್ಟು ಒಗೆತವೇ? ಬಾಗಿಲ ಮುಂದೆ ಬೇರೆ ನೆಲ ಒದ್ದೆ. ಮೊನ್ನೆ "ಸಸಿ ಚೆನ್ನಾಗಿ ಬಂದಿದೆ ಅಕ್ಕಾ" ಅಂತ ನಕ್ಕಳಲ್ಲ, ಆ ನಗು ಯಾಕಂತೆ? ಇವಳಿಗೆ ಮೈಯೆಲ್ಲ ಉರಿಯಿತು.

ಬಟ್ಟೆಗೆ ಹಾಕುವ ನೀಲಿಯ ಎರಡು ಬಾಟಲಿ ತಂದು ತೊಟ್ಟಿಗೆ ಸುರಿದಳು. ಕದ್ದರೆ ಅವಳ ಬಚ್ಚಲ ನೀರೇ ಸಾಕ್ಷಿ ಹೇಳಲಿ! ಸೊಪ್ಪು ಬಿಡಿಸುವ ನೆಪದಲ್ಲಿ ದಿನವಿಡೀ ಪಕ್ಕದ ಮೋರಿಯನ್ನು ಕಾದಳು. ಬಂದದ್ದು ಬರೀ ಸೋಪಿನ ನೊರೆ. ಬೇರೆಯವರಾಗಿದ್ದರೆ ಅಷ್ಟಕ್ಕೆ ಸುಮ್ಮನಾಗುತ್ತಿದ್ದರು. ಇವಳು, "ಕಿಲಾಡಿ! ವಾಸನೆ ಹಿಡಿದುಬಿಟ್ಟಿದ್ದಾಳೆ," ಎಂದು ಅಂಗೈಯಗಲದ ಬೀಗ ತಂದು ಮುಚ್ಚಳಕ್ಕೆ ಜಡಿದಳು.

ಚಿಕ್ಕ ಸೊಸೆ ಕೊಡ ಇಳಿಸಿ ನೋಡಿದಳು. "ಇದ್ಯಾಕಕ್ಕಾ?"

"ಬೆಕ್ಕು ಬೀಳುತ್ತೆ."

"ಇಷ್ಟು ದಪ್ಪ ಬೀಗ ಹಾಕೋವಂಥ ಬೆಕ್ಕಾ?"

ದೊಡ್ಡ ಸೊಸೆ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಚಿಕ್ಕವಳ ಮುಖ ಸಣ್ಣದಾಯಿತು. ಕೊಡ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೀಗ ಹಾಕಿದ ಹಾಗೇ ಇತ್ತು. ತೆಗೆದು ಕೋಲು ಇಳಿಸಿದರೆ, ಮತ್ತೆ ನಾಲ್ಕು ಬೆರಳು ಕಮ್ಮಿ!

ಎಲ್ಲೋ ಕಳ್ಳ ಪೈಪ್ ಎಳೆದಿದ್ದಾಳೆ ಎಂದು ದೊಡ್ಡ ಸೊಸೆ ಹಿತ್ತಲನ್ನೆಲ್ಲ ತಡಕಾಡಿದಳು. ಇಳಿಜಾರಿನ ತುದಿಯಲ್ಲಿ ಸಸಿ ಬೆಳೆಸುವ ಖಾಲಿ ತಟ್ಟೆಗಳ ರಾಶಿ ಸರಿಸಿದಾಗ ಕಾಲು ಕಚಕ್ಕನೆ ಹೂತಿತು. ಕೆಸರು ನೀಲಿ. ಅದರ ನಡುವೆ ಅವಳದೇ ಹನಿ ನೀರಾವರಿ ಪೈಪಿನ ಬಾಯಿ, ಬಿರಡೆಯಿಲ್ಲದೆ ಗುಳುಗುಳು ಎನ್ನುತ್ತಿತ್ತು. ಕಸ ತೊಳೆಯಲು ಅದನ್ನು ಬಿಚ್ಚಿದ್ದು ಹೋದ ವಾರ, ತಾನೇ. ಮೋಟರ್ ನಿಂತರೆ ನೀರೂ ನಿಂತಿತು ಅಂದುಕೊಂಡಿದ್ದಳು. ತುಂಬಿದ ಪೈಪು ತೊಟ್ಟಿಗಿಂತ ತಗ್ಗಿಗೆ ಇಳಿದಿದ್ದರೆ, ಮೋಟರಿನ ಹಂಗಿಲ್ಲದೆ ನೀರನ್ನು ಎಳೆಯುತ್ತಲೇ ಇರುತ್ತದೆ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!

ಅಷ್ಟರಲ್ಲಿ ಮೇಲಿನಿಂದ ಗರಗಸದ ಸದ್ದು. ಪಕ್ಕದ ತಾರಸಿಯ ಮೇಲೆ ಪ್ಲಂಬರ್ ಮಳೆನೀರಿನ ಪೈಪು ಕೊಯ್ಯುತ್ತಾ ಕೂತಿದ್ದ.

ದೊಡ್ಡ ಸೊಸೆ ಕೆಸರುಗಾಲಲ್ಲೇ ಪಕ್ಕದ ಮನೆ ಬಾಗಿಲಿಗೆ ಓಡಿಹೋಗಿ ಚಿಕ್ಕವಳಿಗೆ ಬೀಗದ ಕೈ ಚಾಚಿದಳು. "ತಪ್ಪು ನಂದೇ ಕಣೇ. ನಿನ್ನ ಮೇಲೆ ಅನುಮಾನ ಪಟ್ಟುಬಿಟ್ಟೆ. ತಗೋ, ಇದು ನಿನ್ನ ಹತ್ರಾನೇ ಇರಲಿ."

ಚಿಕ್ಕ ಸೊಸೆ ಅವಳ ನೀಲಿ ಪಾದಗಳನ್ನು ನೋಡಿದಳು. ಕೈ ಚಾಚಲಿಲ್ಲ. "ನೀವೇ ಇಟ್ಕೊಳ್ಳಿ ಅಕ್ಕಾ. ಬೆಕ್ಕು ಬೀಳುತ್ತೆ."

ಅದಾಗಿ ನಾಲ್ಕನೇ ದಿನ ಅಕಾಲದ ಮಳೆ ಸುರಿಯಿತು. ದೊಡ್ಡ ಸೊಸೆ ಬೀಗ ತೆಗೆದು ಮುಚ್ಚಳ ಎತ್ತಿದಳು. ಒಂದು ಪೈಪಿನಿಂದ ನೀರು ಧೋ ಎಂದು ಬೀಳುತ್ತಿತ್ತು. ಇನ್ನೊಂದು ಒಣಗಿತ್ತು. ಗೋಡೆಯ ಆಚೆ ಯಾವುದೋ ಹೊಸ ಡ್ರಮ್ಮು ತುಂಬಿ ಹರಿಯುವ ಸದ್ದು ಕೇಳಿಸಿತು.