ಅಳಿಯ ಕೊಟ್ಟ ಚಿಪ್ಪು

"ಕಟ್ಟೋ ಅಂದ್ರೆ ಹಗ್ಗ ಹಿಡ್ಕೊಂಡು ಮುಖ ನೋಡ್ತಾ ನಿಂತಿದ್ದಾನೆ, ಬೋಳಿಮಗ. ಅವಳೇನು ನಿನ್ನ ಹೆಂಡ್ತೀನಾ?"

ಅರಣ್ಯಾಧಿಕಾರಿ ಪ್ರ್ಯಾಟ್ ಜೀಪಿಗೆ ಒರಗಿ ಕಡಲೆಕಾಯಿ ಸುಲಿಯುತ್ತಿದ್ದ.

"ಅಲ್ಲ ಸಾಹೇಬ್ರೆ," ಎಂದ ವಾಂಡಿ. "ಹೆಂಡ್ತಿ ತಾಯಿ."

"ಹಾಗಾದ್ರೆ ಇನ್ನೂ ಒಳ್ಳೇದು. ಅತ್ತೆ ಕೈ ಕಟ್ಟಿ ಹಾಕೋ ಆಸೆ ಯಾವ ಅಳಿಯನಿಗಿಲ್ಲ ಹೇಳು."

ಜೀಪಿನ ಡ್ರೈವರ್ ಕಿಸಕ್ಕೆಂದ. ವಾಂಡಿ ನಗಲಿಲ್ಲ. ಮದುವೆಯಾಗಿ ಎಂಟು ವರ್ಷ. ಅತ್ತೆ ಕೆಮಾಳ ಬೆರಳ ತುದಿಯನ್ನೂ ಅವನು ಮುಟ್ಟಿದವನಲ್ಲ. ನೀರು ಕೊಡಬೇಕಾದರೆ ನೆಲದ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು, ಆಮೇಲೆ ಅವಳು ಎತ್ತಿಕೊಳ್ಳಬೇಕು. ಅಳಿಯನಿಗೆ ಮಾತು ಮುಟ್ಟಿಸಬೇಕಿದ್ದರೆ ಅವಳು ಒಲೆಗೋ ಕೋಳಿಗೋ ಹೇಳುತ್ತಾಳೆ, ಅವನು ಕೇಳಿಸಿಕೊಳ್ಳುತ್ತಾನೆ. ಆ ಸೀಮೆಯ ಮರ್ಯಾದೆ ಅದು.

ಕೆಮಾ ತಾನಾಗಿಯೇ ಎರಡೂ ಕೈ ಮುಂದೆ ಚಾಚಿದಳು. ಮುಖ ಪಕ್ಕಕ್ಕೆ ತಿರುಗಿಸಿ ಹೇಳಿದಳು: "ಹಗ್ಗವೇ, ಬಿರ್‍ರನೆ ಕಟ್ಟು. ಸಾಹೇಬ್ರು ಬಿಸ್ಲಲ್ಲಿ ನಿಂತವ್ರೆ."

ಅವಳ ಮಣಿಕಟ್ಟು ಒಣಗಿದ ಕೊಂಬೆಯಂತಿತ್ತು. ಅಂಗೈಯಲ್ಲಿ ತಾಳೆಣ್ಣೆಯ ಜಿಡ್ಡು. ಮೊದಲ ಗಂಟು ಜಾರಿತು. "ದನ ಕಟ್ಟೋಕೂ ಬರಲ್ವೇನೋ ನಿಂಗೆ," ಎಂದ ಪ್ರ್ಯಾಟ್. ಎರಡನೆಯ ಗಂಟು ಕೂತಿತು.

ಅಂಗಳದಲ್ಲಿ ಚಿಪ್ಪುಹಂದಿಯ ಚಿಪ್ಪು ಅರ್ಧ ಚೀಲ ಸುರಿದುಕೊಂಡು ಬಿದ್ದಿತ್ತು. ಒಂದೊಂದೂ ವಾಂಡಿಯದೇ. ಅವಳ ಮಗಳು ಬಿಂಟುವನ್ನು ಹೆಣ್ಣು ಕೇಳಿಕೊಂಡು ಬಂದ ಮೂರು ವರ್ಷ ಅವನು ಕೋಕೋ ತೋಟದಂಚಿನಲ್ಲಿ ಉರುಳು ಹಾಕಿ, ಸಿಕ್ಕಿದ್ದನ್ನು ಹೊತ್ತು ತಂದು ಈ ಹೊಸ್ತಿಲ ಮುಂದೆ ಇಳಿಸುತ್ತಿದ್ದ. ಹೆಣ್ಣು ಕೇಳುವವನು ಹೆಣ್ಣಿನ ತಾಯಿಗೆ ಬೇಟೆ ಕೊಡಬೇಕು. ಬಾಡನ್ನು ಅವಳು ಕೇರಿಗೆಲ್ಲ ಹಂಚಿದಳು. ಚಿಪ್ಪನ್ನು ಬಿಸಿನೀರಲ್ಲಿ ಬಿಡಿಸಿ, ತೊಳೆದು ಒಣಗಿಸಿ ಅಟ್ಟಕ್ಕೇರಿಸಿದಳು. ಕೊಳ್ಳುವವರು ಬಂದಾಗಲೂ ಮಾರಲಿಲ್ಲ. ಅಳಿಯ ಕೊಟ್ಟದ್ದನ್ನು ಮಾರಿದರೆ ಮಗಳ ಮದುವೆಯನ್ನೇ ಸಂತೆಗೆ ಇಟ್ಟಂತೆ. ನೀರು ತರುವ ಜಾಗದಲ್ಲಿ ಯಾರಾದರೂ ನಿನ್ನ ಅಳಿಯ ದಂಡಪಿಂಡ ಎಂದರೆ ಅವಳು ಮನೆಗೆ ಬಂದು ಚೀಲ ಇಳಿಸಿ ಅಂಗಳದಲ್ಲಿ ಸುರಿಯುತ್ತಿದ್ದಳು. ನೋಡ್ರೇ, ಕಣ್ಣಿದ್ರೆ ನೋಡ್ರೇ.

ಪ್ರ್ಯಾಟ್‌ಗೆ ಇದು ಗೊತ್ತಾದದ್ದು ಹೇಗೆ ಎಂಬುದು ವಾಂಡಿಗೆ ಮಾತ್ರ ಗೊತ್ತು.

ಉರುಳು ಬಿಟ್ಟು ಹಸಿರಂಗಿ ತೊಟ್ಟು ಅವನು ಇಲಾಖೆಯ ಗೇಟಿನಲ್ಲಿ ದಿನಗೂಲಿ ಕಾವಲಿಗೆ ನಿಂತು ಎರಡು ವರ್ಷವಾಗಿತ್ತು. ಅಷ್ಟೂ ದಿನ ಪ್ರ್ಯಾಟ್ ಅವನನ್ನು 'ಏಯ್' ಎಂದೇ ಕರೆದದ್ದು. ಹೋದ ಭಾನುವಾರ ಮಾತ್ರ ಸ್ಟೂಲು ಎಳೆದು ಕೂರಿಸಿದ, ತಾಳೆ ಹೆಂಡ ಬಗ್ಗಿಸಿಕೊಟ್ಟ. "ಶುಕ್ರವಾರ ಇಲಾಖೆಗೆ ದುಡ್ಡು ಕೊಡೋ ಹೊರದೇಶದವ್ರು ಬರ್ತಾರಪ್ಪ, ವಾಂಡಿ. ಹಿಡಿದದ್ದೇನು ತೋರಿಸು ಅಂತಾರೆ. ಈ ಕಡೆ ಚಿಪ್ಪು ಯಾರಾದ್ರೂ ಇಟ್ಟಿರ್ತಾರಾ?"

ಸಾಹೇಬರ ಬಾಯಲ್ಲಿ ತನ್ನ ಹೆಸರು ಕೇಳಿ ವಾಂಡಿಯ ನಾಲಿಗೆಗೆ ತೀಟೆ ಹತ್ತಿತು. "ಯಾರಿಟ್ಟಿಲ್ಲ ಹೇಳಿ ಸಾಹೇಬ್ರೆ? ಅಳಿಯ ಇರೋ ಹೆಂಗಸ್ರ ಅಟ್ಟ ಹತ್ತಿ ನೋಡಿ. ಆದ್ರೆ ನಮ್ಮತ್ತೆ ತಾವ ಇರೋಷ್ಟು ಈ ಸೀಮೇಲೇ ಯಾರ ತಾವೂ ಇಲ್ಲ. ಅಷ್ಟು ಬೇಟೆ ಕೊಟ್ಟೋನು ನಾನು."

ಹಾಗಂದಿದ್ದ. ಎದೆಯುಬ್ಬಿಸಿಕೊಂಡು ಅಂದಿದ್ದ.

ಈ ಬೆಳಿಗ್ಗೆ ಜೀಪಿನಿಂದಿಳಿದ ಪ್ರ್ಯಾಟ್ ನಯವಾಗಿ, "ಅಮ್ಮಾ, ನಿಮ್ಮಳಿಯ ಭಾರೀ ಬೇಟೆಗಾರನಂತೆ?" ಎಂದ. ಕೆಮಾ ಮೊಗವರಳಿಸಿ ತಾನೇ ಅಟ್ಟ ಹತ್ತಿ ಚೀಲ ಇಳಿಸಿದಳು.

ಗೇಟಿಗೆ ಕರೆತಂದು ಅವಳನ್ನು ಮಾವಿನ ಮರದಡಿ ಕೂರಿಸಿದರು. ಅಷ್ಟರಲ್ಲಿ ಜಿಲ್ಲಾ ಚೇರ್ಮನ್ ಬಾಯೊನ ಕೋಕೋ ಲಾರಿ ಬಂದು ಅಡ್ಡಬಿದಿರಿನ ಮುಂದೆ ಹಾರ್ನ್ ಬಾರಿಸಿತು. ವಾರಕ್ಕೊಮ್ಮೆ ಬರುವ ಲಾರಿ. ಹಿಂಬದಿಯ ಚೀಲವೊಂದು ಹರಿದಿತ್ತು. ಕೋಕೋ ಬೀಜದ ನಡುವೆ ಚಿಪ್ಪು ಇಣುಕುತ್ತಿತ್ತು, ಕೈಯಗಲದ್ದು, ಕಂದುಬಣ್ಣದ್ದು.

"ಸಾಹೇಬ್ರೆ, ಲಾರೀಲಿ..."

"ಕೋಕೋ."

"ಚಿಪ್ಪು ಕಾಣ್ತಾ ಅದೆ ಸಾಹೇಬ್ರೆ."

"ನಿನ್ನ ಮೈಮೇಲೆ ಆ ಅಂಗಿ ಇರೋವರೆಗೂ ಅದು ಕೋಕೋ. ಎತ್ತೋ ಬಿದಿರು."

ಲಾರಿಯವನು ತಲೆ ಹೊರಹಾಕಿದ. "ಏನಣ್ಣ ಹಸಿರಂಗಿ, ಹೆಂಗಸ್ರನ್ನ ಹಿಡ್ದಿದೀಯಂತೆ? ಗಂಡ್ಸು ಕಣಯ್ಯ ನೀನು."

ವಾಂಡಿ ಬಿದಿರು ಎತ್ತಿದ. ಲಾರಿ ಹೋಯಿತು. ಕೆಮಾ ಲಾರಿಯನ್ನು ನೋಡಲಿಲ್ಲ. ಬಿದಿರು ಹಿಡಿದಿದ್ದ ಅವನ ಕೈಗಳನ್ನು ನೋಡಿದಳು. ಆಮೇಲೆ ಕಣ್ಣು ನೆಲಕ್ಕೆ ಹಾಕಿದಳು, ಅವಳೇ ತಪ್ಪು ಮಾಡಿದವಳಂತೆ.

ಪೇಟೆಯಿಂದ ಫೋಟೋದವನು ಬಂದ. ಟಾರ್ಪಾಲು ಹಾಸಿ ಚಿಪ್ಪನ್ನು ಗುಡ್ಡೆ ಹಾಕಿ, ಅದರ ಹಿಂದೆ ಅವಳನ್ನು ಕೂರಿಸಿದರು. 'ವನ್ಯಜೀವಿ ಕಳ್ಳಸಾಗಣೆದಾರಳು' ಎಂದು ಬರೆದ ರಟ್ಟನ್ನು ಅವಳ ಕೊರಳಿಗೆ ನೇತುಹಾಕುವ ಕೆಲಸವೂ ವಾಂಡಿಯದೇ ಆಯಿತು. ಓದು ಬಾರದ ಅವಳು ರಟ್ಟು ಸೊಟ್ಟಗಾಗದಂತೆ ಕತ್ತು ನೆಟ್ಟಗೆ ಹಿಡಿದಳು.

"ಎಷ್ಟು ವರ್ಷದಿಂದ ಮಾರ್ತಿದ್ದೀಯ?" ಫೋಟೋದವನಿಗೂ ಕೇಳಿಸುವಂತೆ ಪ್ರ್ಯಾಟ್ ದನಿಯೇರಿಸಿದ.

"ಮಾರಿಲ್ಲ."

"ಇಷ್ಟು ಚಿಪ್ಪು ಯಾರು ತಂದುಕೊಟ್ರು? ಹೆಸರು ಹೇಳಿದ್ರೆ ನಿನ್ನ ಬಿಡ್ತೀನಿ. ಇಲ್ಲಾಂದ್ರೆ ಕೆನೆಮಾ ಪೇಟೆ ಜೈಲು, ಮುದುಕಿ. ಅಲ್ಲಿಂದ ಹೆಣ ಬರುತ್ತೆ."

ಹೇಳಬೇಡ ಎಂದು ವಾಂಡಿಯ ಒಳಗೊಂದು ದನಿ ಬೇಡಿತು. ಹಾಗೆ ಬೇಡಿದ್ದು ತಾನೇ ಎಂದು ತಿಳಿದಾಗ ಮೈಯೆಲ್ಲ ಹೇಸಿಗೆ ಮೆತ್ತಿಕೊಂಡಂತಾಯಿತು.

ಕೆಮಾ ಗುಡ್ಡೆಯ ಕಡೆ ತಿರುಗಿ ಹೇಳಿದಳು: "ಕಾಡು ಕೊಡ್ತು."

"ಕಾಡಂತೆ! ತೆಗಿಯಯ್ಯ ಫೋಟೋ."

ಫೋಟೋದವನು ಕ್ಯಾಮೆರಾ ಎತ್ತಿದ. ವಾಂಡಿ ಟಾರ್ಪಾಲಿನ ಮೇಲೆ ಕಾಲಿಟ್ಟು, ಚಿಪ್ಪಿನ ಹಿಂದೆ, ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಏಯ್, ಎದ್ದೇಳೋ."

"ಕೊಟ್ಟೋನು ನಾನು ಸಾಹೇಬ್ರೆ. ಭಾನುವಾರ ನಿಮ್ಗೆ ಹೇಳಿವ್ನಿ. ಅವರನ್ನ ಬುಡಿ, ನನ್ನ ಬರ್ಕೊಳ್ಳಿ."

"ಲೇ, ಇಲಾಖೆ ಅಂಗಿ ಹಾಕ್ಕೊಂಡು ಕೂತಿದ್ದೀಯಲ್ಲೋ. ಹೊರದೇಶದವ್ರು ನೋಡೋ ಫೋಟೋ ಅದು. ಅಂಗಿ ಬಿಚ್ಚು."

ವಾಂಡಿ ಕೊರಳ ಗುಂಡಿಗೆ ಕೈ ಹಾಕಿದ. ಬಿಚ್ಚಿಯೇ ಇದ್ದ ಅದನ್ನು ಹಾಕಿಕೊಂಡ.

"ಬಿಚ್ಚೋ ಸೂಳೆಮಗನೆ."

"ಕೋಕೋ ಲಾರಿ ಬುಟ್ಟಿದ್ದೂ ಇದೇ ಅಂಗಿ ಸಾಹೇಬ್ರೆ. ಫೋಟೋದಲ್ಲಿ ಇರ್ಲಿ."

ಫೋಟೋದವನು ಪ್ರ್ಯಾಟ್‌ನ ಮುಖವನ್ನೂ ಇವರನ್ನೂ ನೋಡುತ್ತ ನಿಂತ. ಪ್ರ್ಯಾಟ್ ಸೊಂಟದ ಬೆಲ್ಟು ಬಿಚ್ಚತೊಡಗಿದ. ವಾಂಡಿ ಪಕ್ಕಕ್ಕೆ ತಿರುಗಲಿಲ್ಲ. ತಿರುಗುವ ಧೈರ್ಯ ಅವನಿಗಿರಲಿಲ್ಲ. ರಟ್ಟು ಸರಬರನೆ ಸದ್ದು ಮಾಡಿತು. ಕೆಮಾ ಕಟ್ಟಿದ ಕೈಗಳನ್ನು ನೆಲಕ್ಕೂರಿ, ಅಳಿಯನಿಗೆ ಸಲ್ಲಬೇಕಾದ ಜಾಗ ಬಿಟ್ಟು, ಅವನಿಂದ ಒಂದು ಗೇಣು ಆಚೆ ಸರಿದು ಕೂತಳು.